ಹಾಲಿಗೂ ಒಂದು ಕಸಿ

ಕಡೂರಿನ ಬಸ್ ನಿಲ್ದಾಣದಿಂದ ಕೂಗಳತೆ ದೂರದ ಪಂಚರ್ ಅಂಗಡಿಯೊಂದರಲ್ಲಿ ಬೈಕಿನ ಹಿಂದಿನ ಚಕ್ರ ಬಿಚ್ಚಿಸಿಕೊಂಡು ಕೂತಿದ್ದೆ. ಜೂನ್ ಕೊನೆ. ಪಶ್ಚಿಮಕ್ಕೆ ಬಾಬಾಬುಡನ್‌ಗಿರಿಯ ಸಾಲು ಮೋಡದೊಳಗೆ ಮುಳುಗಿತ್ತು. ಈಚೆ ಕಡೂರಿನಲ್ಲಿ ಮಾತ್ರ ಲಾರಿ ಹೋದಾಗಲೆಲ್ಲ ಧೂಳು. ಅಂಗಡಿಯ ಹುಡುಗ ಟ್ಯೂಬಿಗೆ ಗಾಳಿ ತುಂಬಿ, ನೀರಿನ ಬಾಂಡ್ಲಿಯಲ್ಲಿ ಮುಳುಗಿಸಿ ತಿರುಗಿಸುತ್ತಾ, ಗುಳ್ಳೆ ಎದ್ದ ತೂತಿಗೆ ಬೆಂಕಿಕಡ್ಡಿ ಚುಚ್ಚಿ ಗುರುತು ಮಾಡಿಕೊಂಡ. ಒರೆಸಿದ. ಅರದಿಂದ ಗರಗರ ಉಜ್ಜಿದ. ಸೊಲ್ಯೂಷನ್ ಸವರಿ, ಅದು ಆರುವ ತನಕ ಟ್ಯೂಬನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ರಸ್ತೆ ನೋಡುತ್ತಾ ಕೂತ. ಹಸಿ ಇದ್ದಾಗಲೇ ಪ್ಯಾಚ್ ಹಾಕಿದರೆ ಬಿಟ್ಟುಕೊಳ್ಳುತ್ತದಂತೆ. ಈ ಕಾಯುವ ಎರಡು ನಿಮಿಷದಲ್ಲೇ ಅವನ ಕಸುಬಿನ ಅರ್ಧ ವಿದ್ಯೆ ಇದೆ.

ಆಗಲೇ ತರೀಕೆರೆ ಕಡೆಯ ಒಬ್ಬ ಯಜಮಾನರು ಕೈಚೀಲದಿಂದ ಒಂದು ಜೊತೆ ಗಂಬೂಟು ತೆಗೆದು ಅವನ ಮುಂದಿಟ್ಟರು. ಹಿಮ್ಮಡಿ ಹತ್ತಿರ ಬೆರಳುದ್ದ ಸೀಳು. ಕೊಳೆರೋಗಕ್ಕೆ ಅಡಿಕೆ ತೋಟದಲ್ಲಿ ಔಷಧಿ ಹೊಡೆಸಬೇಕು, ಬೂಟಿನೊಳಗೆ ನೀರು ಬರುತ್ತೆ ಅಂತ ಅವರ ಅಹವಾಲು.

‘ಯಜಮಾನ್ರೇ, ಇದು ರಬ್ಬರ್ ಅಲ್ಲ, ಪ್ಲಾಸ್ಟಿಕ್ಕು. ನನ್ನ ಸೊಲ್ಯೂಷನ್ ಇದಕ್ಕೆ ಹಿಡಿಯಲ್ಲ’ ಅಂದ ಹುಡುಗ.

‘ಅಂಟು ಅಂದ್ರೆ ಅಂಟೇ ಅಲ್ವೇನಪ್ಪ?’

‘ಬೇಕಾದ್ರೆ ಹಚ್ಚಿ ಕೊಡ್ತೀನಿ. ತರೀಕೆರೆ ಮುಟ್ಟೋದ್ರೊಳಗೆ ಬಿಟ್ಕೊಳ್ಳುತ್ತೆ. ಆಮೇಲೆ ನನ್ನ ಬೈಬೇಡಿ.’

ಯಜಮಾನರು ಬೂಟನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಎದ್ದರು. ನಾನು ಬೈಕ್ ಹತ್ತಿದೆ. ಆದರೆ ‘ಅಂಟು ಅಂದ್ರೆ ಅಂಟೇ ಅಲ್ವೇನಪ್ಪ’ ಅನ್ನುವ ಪ್ರಶ್ನೆ ಬೀರೂರು ದಾಟಿದರೂ ತಲೆಯಿಂದ ಇಳಿಯಲಿಲ್ಲ.

ಅಲ್ಲ. ಅಂಟು ಅಂದರೆ ಅಂಟೇ ಅಲ್ಲ. ಪಂಚರ್ ಅಂಗಡಿಯಲ್ಲಿ ನಡೆಯುವುದು ಅಂಟಿಸುವ ಕೆಲಸಕ್ಕಿಂತ ಹೆಚ್ಚಾಗಿ ನೆಂಟಸ್ತಿಕೆ ಬೆಳೆಸುವ ಕೆಲಸ. ಸೊಲ್ಯೂಷನ್ ಎಂದರೆ ಪೆಟ್ರೋಲಿನ ದಾಯಾದಿಯಂಥ ದ್ರಾವಕದಲ್ಲಿ ಕರಗಿಸಿದ ರಬ್ಬರ್. ದ್ರಾವಕ ಆರಿ ಹೋಗುತ್ತದೆ, ರಬ್ಬರ್ ಉಳಿಯುತ್ತದೆ. ಪ್ಯಾಚಿನ ಅಡಿಯಲ್ಲಿರುವ ಗಂಧಕ ಮತ್ತು ಅದನ್ನು ಚುರುಕುಗೊಳಿಸುವ ರಾಸಾಯನಿಕ ಸೇರಿ ಪ್ಯಾಚ್ ಮತ್ತು ಟ್ಯೂಬಿನ ನಡುವೆ ಸಣ್ಣಸಣ್ಣ ಗಂಟು ಹಾಕುತ್ತವೆ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಕಂಡುಕೊಂಡದ್ದು ಈ ಗಂಟುಗಳನ್ನೇ. ನಮ್ಮೂರುಗಳ ಬೋರ್ಡುಗಳಲ್ಲಿ ‘ವಲ್ಕನೈಜಿಂಗ್ ವರ್ಕ್ಸ್’ ಎಂದು ಓರೆಕೋರೆ ಅಕ್ಷರದಲ್ಲಿ ಬರೆದಿರುವುದೂ ಅದನ್ನೇ. ಎರಡೂ ಕಡೆ ರಬ್ಬರ್ ಇದ್ದರೆ ಇದು ಸಲೀಸು. ಗಂಬೂಟು ಪಿವಿಸಿಯದ್ದು. ಪಿವಿಸಿಯ ಅಣುವಿನಲ್ಲಿ ಕ್ಲೋರಿನ್ ಇದೆ, ಅದಕ್ಕೊಂದು ವಿದ್ಯುತ್ ಸೆಳೆತ ಇದೆ. ರಬ್ಬರಿನಲ್ಲಿ ಬರೀ ಇಂಗಾಲ, ಜಲಜನಕ. ಅದು ಎಣ್ಣೆಯ ಜಾತಿ. ಒಂದರ ಮೇಲೊಂದು ಒತ್ತಿದರೆ ಅಕ್ಕಪಕ್ಕ ಕೂರುತ್ತವೆ, ಕೈ ಹಿಡಿಯುವುದಿಲ್ಲ.

ಹಾಗಾದರೆ ಒಂದು ಕಾಲು ರಬ್ಬರಿನಲ್ಲಿ, ಇನ್ನೊಂದು ಕಾಲು ಪ್ಲಾಸ್ಟಿಕ್ಕಿನಲ್ಲಿ ಇರುವಂಥ ಅಣುವೊಂದು ಸಿಕ್ಕಿದರೆ? ಸಿಕ್ಕಿದೆ. ಸಿಕ್ಕಿ ಸುಮಾರು ಎಪ್ಪತ್ತು ವರ್ಷವಾಯಿತು. ಅದನ್ನು ಮಾಡುವ ವಿದ್ಯೆಗೆ ರಸಾಯನಶಾಸ್ತ್ರದವರು ಇಟ್ಟಿರುವ ಹೆಸರು ತೋಟಗಾರಿಕೆಯದ್ದು: ಕಸಿ.

ಕಸಿ ಎಂದರೆ ಈ ಸೀಮೆಯವರಿಗೆ ಯಾರೂ ಪಾಠ ಮಾಡಬೇಕಿಲ್ಲ. ಮಾವಿನ ಕಸಿ ಎಲ್ಲರಿಗೂ ಗೊತ್ತು. ಅಡಿಕೆ ಮರಕ್ಕೆ ಕಾಳುಮೆಣಸು ಹಬ್ಬಿಸುವವರಿಗೆ ಹಿಪ್ಪಲಿ ಕಸಿಯೂ ಗೊತ್ತು. ಮೆಣಸಿನ ಬಳ್ಳಿಗೆ ಸೊರಗು ರೋಗ ಬಂದರೆ ಕೆಲವೇ ವಾರದೊಳಗೆ ಬಳ್ಳಿ ಕಪ್ಪಾಗಿ ಜೋಲುತ್ತದೆ. ರೋಗ ಹತ್ತುವುದು ಹೆಚ್ಚಾಗಿ ಬೇರಿನಿಂದ. ಹಾಗಾಗಿ ಆ ರೋಗಕ್ಕೆ ಜಗ್ಗದ ಬ್ರೆಜಿಲ್ ಹಿಪ್ಪಲಿಯ ಬೇರಿನ ಮೇಲೆ ನಮ್ಮ ಮೆಣಸಿನ ಕುಡಿ ಕಟ್ಟುತ್ತಾರೆ. ಬೇರು ಒಬ್ಬರದ್ದು, ಫಸಲು ಇನ್ನೊಬ್ಬರದ್ದು. ಒಂದರಲ್ಲಿ ಇಲ್ಲದ ಗುಣವನ್ನು ಇನ್ನೊಂದರಿಂದ ಸಾಲ ತರುವುದು, ಆದರೆ ತನ್ನ ಗುಣ ಬಿಡದಿರುವುದು. ಪ್ರಯೋಗಾಲಯದ ಕಸಿಯ ಆಸೆಯೂ ಇಷ್ಟೇ.

ಇನ್ನು ರಬ್ಬರ್. ಕಡೂರಿನಲ್ಲಿ ರಬ್ಬರ್ ಮರ ಹುಡುಕಿದರೆ ಜನ ನಕ್ಕಾರು. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಕಾಣುವ ತೆಂಗಿನ ಸೀಮೆ ಇದು. ರಬ್ಬರ್ ಮರ 2000 ಮಿ.ಮೀ. ಮಳೆ ಕೇಳುತ್ತದೆ. ಅಜ್ಜಂಪುರದಲ್ಲೂ ಇಲ್ಲ, ಅದು ಈರುಳ್ಳಿ ಮತ್ತು ಅಮೃತಮಹಲ್ ದನಗಳ ನಾಡು. ಬೀರೂರು ಜಂಕ್ಷನ್ನಿನಲ್ಲಿ ಕವಲೊಡೆದ ರೈಲು ತರೀಕೆರೆ ಮುಟ್ಟುವ ಹೊತ್ತಿಗೆ ಕಿಟಕಿಯಾಚೆ ಅಡಿಕೆ ಕಾಣಲು ಶುರು. ಅಲ್ಲಿಂದ ಪಶ್ಚಿಮಕ್ಕೆ ಲಕ್ಕವಳ್ಳಿ, ಭದ್ರಾ ಜಲಾಶಯ, ಅದರಾಚೆ ನರಸಿಂಹರಾಜಪುರ. ಮೈಸೂರು ಸಂಸ್ಥಾನದ ಕಾಲದಲ್ಲಿ ತರೀಕೆರೆಯಿಂದ ಆ ಊರಿಗೆ ಪುಟ್ಟ ರೈಲೊಂದು ಓಡುತ್ತಿತ್ತು, ಕಾಡಿನ ಮರ ಹೊತ್ತು. ಈಗ ಆ ದಿಕ್ಕಿನಲ್ಲಿ, ಕೇರಳದಿಂದ ಎರಡು ಮೂರು ತಲೆಮಾರಿನ ಹಿಂದೆ ಬಂದು ನೆಲೆಸಿದ ಕುಟುಂಬಗಳ ಗುಡ್ಡಗಳಲ್ಲಿ, ಸಾಲುಸಾಲು ರಬ್ಬರ್ ಮರ. ಒಂದೇ ಜಿಲ್ಲೆ. ಬೆಳಿಗ್ಗೆ ಕಡೂರಿನಲ್ಲಿ ತಿಂಡಿ ತಿಂದು ಹೊರಟರೆ ಮಧ್ಯಾಹ್ನದೊಳಗೆ ಟ್ಯೂಬಿನಿಂದ ಅದರ ತಾಯಿಮರಕ್ಕೆ ಹೋಗಿ ಮುಟ್ಟಬಹುದು.

   

ತೋಟದಲ್ಲಿ ನಿಂತಿರುವ ರಬ್ಬರ್ ಮರವೇ ಮೊದಲು ಕಸಿಯದ್ದು ಎಂಬುದನ್ನು ನೆನಪಿಡಬೇಕು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವ ಅಮೆಜಾನ್ ಕಾಡಿನಿಂದ ಸುಮಾರು 70 ಸಾವಿರ ಬೀಜ ಹಡಗಿಗೇರಿಸಿ ಲಂಡನ್ನಿನ ಕ್ಯೂ ಉದ್ಯಾನಕ್ಕೆ ತಂದ. ಮೊಳೆತ ಕೆಲವೇ ಸಾವಿರ ಸಸಿಗಳ ಸಂತಾನ ಏಷ್ಯಾದ ತೋಟಗಳನ್ನೆಲ್ಲ ತುಂಬಿತು. ಆದರೆ ಬೀಜದ ಮರಗಳು ಕೊಡುವ ರಬ್ಬರ್ ಹಾಲು ಒಂದೊಂದರದ್ದು ಒಂದೊಂದು ಲೆಕ್ಕ. ಹಾಲು ಹಿಡಿಯಲು ಮರಕ್ಕೆ ಕಟ್ಟಿದ ಒಂದು ಕರಟ ತುಂಬಿ ಚೆಲ್ಲಿದರೆ ಪಕ್ಕದ್ದು ತಳವನ್ನೂ ಮುಚ್ಚುವುದಿಲ್ಲ. 1910ರ ದಶಕದಲ್ಲಿ ಡಚ್ಚರ ಜಾವಾ–ಸುಮಾತ್ರಾದಲ್ಲಿ ಕಣ್ಣು ಕಸಿ ಬಳಕೆಗೆ ಬಂದ ಮೇಲೆ ಒಳ್ಳೆಯ ಮರವೊಂದನ್ನು ಸಾವಿರ ಮಾಡುವುದು ಸಾಧ್ಯವಾಯಿತು. 1955ರಲ್ಲಿ ಶುರುವಾದ ಕೊಟ್ಟಾಯಂನ ಭಾರತೀಯ ರಬ್ಬರ್ ಸಂಶೋಧನಾ ಸಂಸ್ಥೆ ತಯಾರಿಸಿ 1980ರಲ್ಲಿ ಬಿಡುಗಡೆ ಮಾಡಿದ ‘ಆರ್‌ಆರ್‌ಐಐ 105’ ತಳಿಯನ್ನು ನಮ್ಮ ಕಡೆಯ ಬೆಳೆಗಾರರು ‘ನೂರೈದು’ ಎಂದು ಕರೆದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ.

ನರಸಿಂಹರಾಜಪುರ ದಾರಿಯ ಒಂದು ನರ್ಸರಿಯಲ್ಲಿ ಕಸಿ ಕಟ್ಟುವುದನ್ನು ಕೂತು ನೋಡಿದ್ದೇನೆ. ಬೀಜದ ಸಸಿಯ ಬುಡದಲ್ಲಿ ತೊಗಟೆಯನ್ನು ಬೆರಳಗಲ ಸೀಳಿ ಬಾಗಿಲಿನಂತೆ ತೆರೆಯುತ್ತಾರೆ. ಒಳಗೆ ಹಸಿ ಬಿಳಿ ಮರ, ಮುಟ್ಟಿದರೆ ಲೋಳೆ. ಒಳ್ಳೆಯ ತಳಿಯ ರೆಂಬೆಯಿಂದ ಒಂದೇ ಕಣ್ಣಿರುವ ತೊಗಟೆಯ ಚೂರು ಎಬ್ಬಿಸಿ, ಒಳಮೈಗೆ ಕೈ ತಾಗಿಸದೆ ಆ ಬಾಗಿಲೊಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಕೆಳಗಿನಿಂದ ಮೇಲಕ್ಕೆ ಬಿಗಿದು ಸುತ್ತುತ್ತಾರೆ. ಮೂರು ವಾರ ಬಿಟ್ಟು ಬಿಚ್ಚಿ ಉಗುರಿನಿಂದ ಗೀರುತ್ತಾರೆ. ಹಸಿರು ಕಂಡರೆ ಹಿಡಿದಿದೆ, ಕಂದು ಕಂಡರೆ ಸತ್ತಿದೆ. ಹಿಡಿದ ಮೇಲೆ ಕಸಿಯ ಮೇಲಿನ ಕಾಂಡವನ್ನೇ ಕಡಿದು ಹಾಕುತ್ತಾರೆ. ಹಳೆಯ ಸಸಿಗೆ ಬೇರಿನ ಕೆಲಸ ಮಾತ್ರ. ಏಳೆಂಟು ವರ್ಷಕ್ಕೆ ಆ ಕಣ್ಣು ಅರ್ಧ ಮೀಟರ್ ಸುತ್ತಳತೆಯ ಮರವಾಗಿ ಹಾಲಿಗೆ ಬರುತ್ತದೆ.

ಹಾಲು ಎಂದೇ ಎಲ್ಲರೂ ಕರೆಯುವುದು. ಕರೆಯುವ ಹೊತ್ತೂ ದನದ ಹೊತ್ತೇ, ನಸುಕು. ಬಿಸಿಲೇರುವ ಮೊದಲು ಮರದೊಳಗಿನ ಒತ್ತಡ ಹೆಚ್ಚು, ಹರಿವೂ ಹೆಚ್ಚು. ಟ್ಯಾಪರ್ ಎಡದಿಂದ ಬಲಕ್ಕೆ ಇಳಿಜಾರಾಗಿ ಇರುವ ಹಳೆಯ ಗಾಯದ ಮೇಲಿನ ಒಣಗಿದ ಪಟ್ಟಿ ಎಳೆದು ತೆಗೆದು, ರೊಟ್ಟಿಯ ಅಂಚಿನಷ್ಟು ತೆಳ್ಳಗೆ ತೊಗಟೆ ಹೆರೆಯುತ್ತಾನೆ. ಒಂದು ಕೂದಲೆಳೆ ಆಳ ಹೋದರೆ ಮರಕ್ಕೆ ಗಾಯ, ಮೇಲೆ ಉಳಿದರೆ ಹಾಲಿಲ್ಲ. ಬಿಳಿ ಹನಿ ಗೆರೆಯುದ್ದಕ್ಕೂ ಎದ್ದು ಒಂದಕ್ಕೊಂದು ಸೇರಿ ಇಳಿದು ಕರಟಕ್ಕೆ ಬೀಳುತ್ತದೆ. ಆ ಹಾಲಿನಲ್ಲಿ ಮೂರನೇ ಒಂದು ಭಾಗದಷ್ಟು ರಬ್ಬರ್, ಉಳಿದದ್ದು ಬಹುತೇಕ ನೀರು. ದನದ ಹಾಲಿಗೆ ಹೆಪ್ಪು ಹಾಕಿದಂತೆ ಇದಕ್ಕೆ ಫಾರ್ಮಿಕ್ ಆಸಿಡ್ ಹಾಕಿ ತಟ್ಟೆಗಳಲ್ಲಿ ಬಿಟ್ಟರೆ ಮರುದಿನ ಬೆಳ್ಳಗೆ ಮೆತ್ತಗಿನ ಗಟ್ಟಿ. ರೋಲರ್‌ಗೆ ಕೊಟ್ಟು ನೀರು ಹಿಂಡಿ, ಗೆರೆ ಮೂಡಿಸಿ, ಹೊಗೆಮನೆಯ ಬಿದಿರ ಗಳುಗಳ ಮೇಲೆ ತೂಗು ಹಾಕಿದರೆ ನಾಲ್ಕೈದು ದಿನಕ್ಕೆ ಜೇನಿನ ಬಣ್ಣದ ಶೀಟು. ಹೊಗೆಯ ಜೊತೆ ಹುಳಿ ಬೆರೆತ ಆ ವಾಸನೆ ಬಟ್ಟೆಗೆ ಹತ್ತಿದರೆ ಎರಡು ಸಲ ಒಗೆದರೂ ಹೋಗದು.

ಶೀಟಿನ ಒಳಗೆ ಏನಿದೆ ಎಂಬುದರ ಮೇಲೆ ಒಂದು ಕಾಲಕ್ಕೆ ದೊಡ್ಡ ಜಗಳವೇ ನಡೆದಿತ್ತು. ಐದು ಇಂಗಾಲ, ಎಂಟು ಜಲಜನಕ ಎಂಬ ಲೆಕ್ಕವನ್ನು ಮೈಕೇಲ್ ಫ್ಯಾರಡೆ 1826ರಲ್ಲೇ ಹೇಳಿದ್ದ. ಆದರೆ ಅವು ಸಣ್ಣ ಅಣುಗಳ ಗುಂಪೋ, ಒಂದೇ ಉದ್ದನೆಯ ಸರಪಣಿಯೋ? ಜರ್ಮನಿಯ ಹರ್ಮನ್ ಸ್ಟೌಡಿಂಗರ್ ಸರಪಣಿಯೇ ಎಂದು 1920ರಿಂದ ಪಟ್ಟು ಹಿಡಿದ. ಹಿರಿಯರು ನಕ್ಕರು. ಅವನು ಸಾಕ್ಷಿಗೆ ನಿಲ್ಲಿಸಿದ್ದರಲ್ಲಿ ರಬ್ಬರ್ ಮುಖ್ಯವಾದದ್ದು. 1953ರಲ್ಲಿ ನೊಬೆಲ್ ಬಂತು. ಈಗ ಗೊತ್ತಿರುವಂತೆ ರಬ್ಬರಿನ ಒಂದು ಎಳೆಯಲ್ಲಿ ಐಸೊಪ್ರೀನ್ ಎಂಬ ಒಂದೇ ಕೊಂಡಿ ಹದಿನೈದು ಸಾವಿರದಷ್ಟು ಸಲ ಬರುತ್ತದೆ. ಪ್ರತಿ ಕೊಂಡಿಯಲ್ಲೂ ಒಂದು ಜೋಡಿಬಂಧ ಇದೆ. ರಸಾಯನಶಾಸ್ತ್ರದ ಕಣ್ಣಿಗೆ ಅದು ಕಸಿ ಕಟ್ಟುವವನ ಕಣ್ಣಿಗೆ ಬೀಳುವ ಎಳೆ ತೊಗಟೆಯಂಥ ಜಾಗ.

ಆ ಜಾಗವೇ ರಬ್ಬರಿನ ದೌರ್ಬಲ್ಯವೂ ಹೌದು. ಗಾಳಿಯಲ್ಲಿರುವ ಓಜೋನ್ ಅಲ್ಲೇ ಕಡಿಯುತ್ತದೆ. ಬಿಸಿಲಲ್ಲಿ ನಿಂತ ಟ್ರ್ಯಾಕ್ಟರಿನ ಟೈರಿನ ಮಗ್ಗುಲಲ್ಲಿ ಕಾಣುವ ಸಣ್ಣ ಬಿರುಕುಗಳು ಅದರ ಹಲ್ಲಿನ ಗುರುತು. ಎಣ್ಣೆ ಜಾತಿಯದಾದ್ದರಿಂದ ಪೆಟ್ರೋಲಿನಲ್ಲಿ ಉಬ್ಬುತ್ತದೆ. ಶೀಟಿನ ಚೂರೊಂದನ್ನು ರಾತ್ರಿ ಪೆಟ್ರೋಲಿನಲ್ಲಿ ಹಾಕಿಟ್ಟು ಬೆಳಿಗ್ಗೆ ನೋಡಿ, ಊರ ಜಾತ್ರೆಯ ಬೆಂಡಿನಂತೆ ಊದಿಕೊಂಡಿರುತ್ತದೆ. ಪಿವಿಸಿ, ನೈಲಾನ್‌ಗಳ ಜೊತೆ ಸೇರುವುದಿಲ್ಲ ಎಂಬುದು ಮೂರನೇ ತಕರಾರು, ನಮ್ಮ ಯಜಮಾನರದ್ದು.

ಇಂಗ್ಲೆಂಡಿನ ವೆಲ್ವಿನ್ ಗಾರ್ಡನ್ ಸಿಟಿಯಲ್ಲಿ ಮಲಯಾದ ತೋಟಗಳ ದುಡ್ಡಿನಲ್ಲಿ ನಡೆಯುತ್ತಿದ್ದ ಬ್ರಿಟಿಷ್ ರಬ್ಬರ್ ಬೆಳೆಗಾರರ ಸಂಶೋಧನಾ ಸಂಘ 1950ರ ದಶಕದಲ್ಲಿ ಈ ತಕರಾರುಗಳಿಗೆ ಕೈ ಹಾಕಿತು. ಅವರು ಆರಿಸಿಕೊಂಡ ಕುಡಿ ಮೀಥೈಲ್ ಮೆಥಾಕ್ರಿಲೇಟ್. ಅದರ ಕೊಂಡಿಗಳು ಸೇರಿದರೆ ಅಂಗಡಿ ಬೋರ್ಡುಗಳಿಗೆ ಬಳಸುವ ಅಕ್ರಿಲಿಕ್ ಗಾಜು ಆಗುತ್ತದೆ: ಗಡುಸು, ಹೊಳಪು, ಪಿವಿಸಿಯ ಜೊತೆ ಚೆನ್ನಾಗಿ ಹೊಂದಿಕೊಳ್ಳುವ ಸ್ವಭಾವ. ರಬ್ಬರಿನ ಎಳೆಯ ಮೇಲೆ ಅಲ್ಲಲ್ಲಿ ಇದರ ಕೊಂಬೆ ಮೂಡಿಸಿದರು. ಹೆಸರು ‘ಹೇವಿಯಾಪ್ಲಸ್ ಎಂಜಿ’. ರಬ್ಬರ್ ಮರದ ಸಸ್ಯಶಾಸ್ತ್ರದ ಹೆಸರು ಹೇವಿಯಾ. ನೂರಕ್ಕೆ 30 ಪಾಲು ಅಕ್ರಿಲಿಕ್ ಇದ್ದದ್ದು ಎಂಜಿ 30, 49 ಪಾಲು ಇದ್ದದ್ದು ಎಂಜಿ 49.

ಮಾಡುವ ರೀತಿಯಲ್ಲಿ ನನಗೆ ಇಷ್ಟವಾದದ್ದೆಂದರೆ, ಇದಕ್ಕೆ ಶೀಟು ಬೇಕಿಲ್ಲ, ಹಾಲೇ ಆಗುತ್ತದೆ. ಕೆಡದಂತೆ ಅಮೋನಿಯಾ ಹಾಕಿದ ಹಾಲಿನಲ್ಲಿ ರಬ್ಬರ್ ಸಣ್ಣ ಹನಿಗಳಾಗಿ ತೇಲುತ್ತಿರುತ್ತದೆ. ಹೆಚ್ಚಿನವು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕವು. ಅದಕ್ಕೆ ಮೀಥೈಲ್ ಮೆಥಾಕ್ರಿಲೇಟನ್ನು ಸೋಪಿನ ನೀರಿನಲ್ಲಿ ಕಡೆದು ಸೇರಿಸುತ್ತಾರೆ. ಅದು ಹನಿಗಳೊಳಗೆ ಇಂಗುತ್ತದೆ. ಆಮೇಲೆ ಪೆರಾಕ್ಸೈಡ್ ಒಂದನ್ನು, ಅದನ್ನು ಒಡೆಯುವ ಇನ್ನೊಂದು ಪದಾರ್ಥದ ಜೊತೆ ಹಾಕುತ್ತಾರೆ. ಪೆರಾಕ್ಸೈಡ್ ಒಡೆದಾಗ ಹುಟ್ಟುವುದು ಫ್ರೀ ರ‍್ಯಾಡಿಕಲ್, ಅಂದರೆ ಜೋಡಿ ತಪ್ಪಿದ ಎಲೆಕ್ಟ್ರಾನ್ ಇರುವ ಹಸಿದ ಚೂರು. ಅದು ರಬ್ಬರ್ ಎಳೆಗೆ ಹೋಗಿ ಜೋಡಿಬಂಧದ ಪಕ್ಕದ ಜಲಜನಕವನ್ನು ಕಸಿದುಕೊಳ್ಳುತ್ತದೆ, ಇಲ್ಲವೇ ಜೋಡಿಬಂಧಕ್ಕೇ ನೇರ ಬಾಯಿ ಹಾಕುತ್ತದೆ. ಈಗ ರಬ್ಬರಿನ ಮೈಮೇಲೆ ಒಂದು ತೆರೆದ ಗಾಯ. ಅಲ್ಲಿಗೆ ಮೊದಲ ಕೊಂಡಿ ಬಂದು ಕೂರುತ್ತದೆ, ಅದರ ತುದಿಗೆ ಎರಡನೆಯದು, ಮೂರನೆಯದು. ಕಸಿಯುವುದಕ್ಕೂ ಕಸಿ ಕಟ್ಟುವುದಕ್ಕೂ ಒಂದೇ ಅಕ್ಷರಗಳಿರುವುದು ಕನ್ನಡಕ್ಕೆ ಒದಗಿದ ಭಾಗ್ಯ. ಇಲ್ಲಿ ಮೊದಲನೆಯದಿಲ್ಲದೆ ಎರಡನೆಯದಿಲ್ಲ.

ಕೆಲಸ ಕೆಡುವುದಕ್ಕೂ ಬೇಕಾದಷ್ಟು ದಾರಿಗಳಿವೆ. ಹಾಲಿನಲ್ಲಿ ಕರಗಿದ ಗಾಳಿಯ ಆಮ್ಲಜನಕ ಆ ಹಸಿದ ಚೂರುಗಳನ್ನು ಮೊದಲೇ ಹಿಡಿದು ತಣ್ಣಗೆ ಮಾಡುತ್ತದೆ. ಹಾಗಾಗಿ ನೈಟ್ರೋಜನ್ ಹಾಯಿಸಿ ಅದನ್ನು ಹೊರದೂಡಬೇಕು. ಹನಿಗಳ ಸುತ್ತ ಇರುವ ಪ್ರೊಟೀನಿನ ಪೊರೆ ಅಡ್ಡ ಬರುತ್ತದೆ. ಎಲ್ಲಕ್ಕಿಂತ ಹೆಚ್ಚಿನ ತಲೆನೋವು, ಕೊಂಡಿಗಳು ರಬ್ಬರಿನ ಮೇಲೆ ಕೂರದೆ ತಮ್ಮಷ್ಟಕ್ಕೆ ತಾವೇ ಕೈ ಹಿಡಿದು ಬೇರೆಯೇ ಎಳೆಯಾಗಿ ತೇಲುವುದು. ಆಗ ಸಿಗುವುದು ಕಸಿಯಲ್ಲ, ಕಲಬೆರಕೆ. ನೋಡಲು ಎರಡೂ ಒಂದೇ ಬಿಳಿ ಹಾಲು. ಪತ್ತೆ ಹಚ್ಚುವ ವಿಧಾನ ನರ್ಸರಿಯವನ ಉಗುರಿಗಿಂತ ಸ್ವಲ್ಪ ನಿಧಾನ, ಅಷ್ಟೆ. ಒಣಗಿಸಿದ ಪದಾರ್ಥವನ್ನು ಪೆಟ್ರೋಲಿಯಂ ಈಥರಿನಲ್ಲಿ ಗಂಟೆಗಟ್ಟಲೆ ತೊಳೆದರೆ ಕಸಿಯಾಗದೆ ಉಳಿದ ರಬ್ಬರ್ ಕರಗಿ ಹೋಗುತ್ತದೆ. ಅಸಿಟೋನಿನಲ್ಲಿ ತೊಳೆದರೆ ಒಂಟಿಯಾಗಿ ಬೆಳೆದ ಅಕ್ರಿಲಿಕ್ ಹೋಗುತ್ತದೆ. ಎರಡಕ್ಕೂ ಜಗ್ಗದೆ ಉಳಿದದ್ದೇ ಹಿಡಿದ ಕಸಿ. ತೂಗಿ ನೋಡುತ್ತಾರೆ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಕಸಿ ಎಂಬ ಹೆಸರು ಈ ವಿಧಾನಕ್ಕೆ ಪೂರ್ತಿ ಒಪ್ಪುವುದಿಲ್ಲ. ತೋಟದ ಕಸಿಯಲ್ಲಿ ಬೇರೆಡೆ ಬೆಳೆದ ಕಣ್ಣನ್ನು ತಂದು ಕೂರಿಸುತ್ತೇವೆ. ಇಲ್ಲಿ ಗಾಯ ಮಾಡಿ ಅಲ್ಲಿಂದಲೇ ಹೊಸ ಜಾತಿಯ ಚಿಗುರು ಬರಿಸುತ್ತಾರೆ. ಮೊದಲೇ ಸಿದ್ಧವಾದ ಎಳೆಯನ್ನು ತಂದು ರಬ್ಬರಿಗೆ ಜೋಡಿಸುವ ಇನ್ನೊಂದು ವಿಧಾನವೂ ಇದೆ, ನಿಜವಾದ ಕಸಿ ಅದು. ಆದರೆ ಉದ್ದನೆಯ ಎಳೆಯೊಂದು ಇನ್ನೊಂದು ಉದ್ದನೆಯ ಎಳೆಯ ಸಿಕ್ಕಿನೊಳಗೆ ನುಗ್ಗಿ ಸರಿಯಾದ ಜಾಗ ಹುಡುಕುವುದು ಸುಲಭವಲ್ಲದ್ದರಿಂದ ಚಿಗುರು ಬರಿಸುವುದೇ ಚಾಲ್ತಿಯಲ್ಲಿ ಹೆಚ್ಚು.

ಎಂಜಿ ರಬ್ಬರ್ ಬಂದು ಲೋಕವೇನೂ ತಲೆಕೆಳಗಾಗಲಿಲ್ಲ. ರಬ್ಬರನ್ನು ಪಿವಿಸಿಗೆ, ಚರ್ಮಕ್ಕೆ, ಬಟ್ಟೆಗೆ ಹಿಡಿಸುವ ಅಂಟುಗಳಲ್ಲಿ, ಗಟ್ಟಿ ಅಚ್ಚುಗಳಲ್ಲಿ ಅದು ಸದ್ದಿಲ್ಲದೆ ಸೇರಿಕೊಂಡಿತು. ಇತ್ತೀಚೆಗೆ ಮಲೇಷ್ಯಾದ ಪ್ರಯೋಗಾಲಯಗಳಲ್ಲಿ ಎಂಜಿ 49ಕ್ಕೆ ಲಿಥಿಯಂ ಲವಣ ಬೆರೆಸಿ ಬ್ಯಾಟರಿಯೊಳಗಿನ ಘನ ಎಲೆಕ್ಟ್ರೋಲೈಟ್ ಮಾಡಲು ನೋಡುತ್ತಿದ್ದಾರೆ. ಕರಟದಲ್ಲಿ ಹಿಡಿದ ಹಾಲು ಬ್ಯಾಟರಿಗೆ! ಅದೇ ಕುಟುಂಬದ ಇತರರೂ ಇದ್ದಾರೆ. ಮೇಲಿಕ್ ಅನ್‌ಹೈಡ್ರೈಡ್ ಕಸಿ ಕಟ್ಟಿದ ರಬ್ಬರ್ ನೈಲಾನ್ ಜೊತೆ, ಸಿಲಿಕಾ ಪುಡಿಯ ಜೊತೆ ಬೆರೆಯುತ್ತದೆ. ಸ್ಟೈರೀನ್ ಕಟ್ಟಿದ್ದು ಗಡುಸಾಗುತ್ತದೆ.

ಸ್ಟೈರೀನ್ ಅಂದಾಗ ನೆನಪಾಯಿತು. ರಬ್ಬರ್ ಕಸಿಯ ದೊಡ್ಡ ಗೆಲುವು ನಮ್ಮ ಮನೆಯೊಳಗೇ ಇದೆ, ಅದಕ್ಕೆ ರಬ್ಬರ್ ಎಂಬ ಹೆಸರಿಲ್ಲ. ಬರೀ ಪಾಲಿಸ್ಟೈರೀನ್ ಬಳಪದಂತೆ ಪಟ್ಟನೆ ಮುರಿಯುವ ಪ್ಲಾಸ್ಟಿಕ್. ರಷ್ಯಾದಿಂದ ಅಮೆರಿಕಕ್ಕೆ ಹೋದ ಇವಾನ್ ಓಸ್ಟ್ರೋಮಿಸ್ಲೆನ್‌ಸ್ಕಿ, ರಬ್ಬರನ್ನು ದ್ರವ ಸ್ಟೈರೀನಿನಲ್ಲಿ ಕರಗಿಸಿ ಆಮೇಲೆ ಗಟ್ಟಿ ಮಾಡಿದರೆ ಮುರಿಯದ ಪ್ಲಾಸ್ಟಿಕ್ ಸಿಗುತ್ತದೆ ಎಂದು 1927ರಲ್ಲಿ ಪೇಟೆಂಟ್ ಪಡೆದ. ದಶಕಗಳ ನಂತರ ಕೃತಕ ರಬ್ಬರ್ ಬಳಸಿ ಇದೇ ದೊಡ್ಡ ಉದ್ಯಮವಾಯಿತು. ಫ್ರಿಜ್ಜಿನ ಬಾಗಿಲು ತೆಗೆದರೆ ಕಾಣುವ ಬಿಳಿ ಒಳಮೈ ಬಹುಮಟ್ಟಿಗೆ ಈ ಜಾತಿಯದ್ದು. ಹೆಲ್ಮೆಟ್ಟಿನ ಚಿಪ್ಪಿಗೆ ಬಳಸುವ ಎಬಿಎಸ್ ಕೂಡ ರಬ್ಬರ್ ಹನಿಗಳ ಮೇಲೆ ಕಸಿ ಕಟ್ಟಿದ್ದೇ. ಕೊಂಬೆಗಳು ಹನಿಯನ್ನು ಗಡುಸು ಪ್ಲಾಸ್ಟಿಕ್ಕಿಗೆ ಹೊಲಿದಿರುತ್ತವೆ. ಏಟು ಬಿದ್ದಾಗ ಬಿರುಕು ಓಡುತ್ತಾ ಬಂದು ಮೆತ್ತನೆಯ ಹನಿಗೆ ಸಿಕ್ಕಿ ಸುಸ್ತಾಗುತ್ತದೆ.

ಕನ್ನಡ ನಾಡಿನ ಪ್ರಯೋಗಾಲಯದಲ್ಲಿ ಇಂಥ ಕಸಿ ಕಟ್ಟಿದವರು ಇಲ್ಲವೇ ಎಂದು ಕೇಳಿದರೆ, ಇದ್ದಾರೆ, ಆದರೆ ಅವರು ಕಟ್ಟಿದ್ದು ಗೋರಿಕಾಯಿಗೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತೇಜರಾಜ ಅಮಿನಭಾವಿ ಮತ್ತು ಸಹವರ್ತಿಗಳು ಗೋರಿಕಾಯಿ ಬೀಜದ ಅಂಟಿನ ಎಳೆಗೆ ಪಾಲಿಅಕ್ರಿಲಮೈಡ್ ಕೊಂಬೆ ಮೂಡಿಸಿ, ಅದರಿಂದ ಔಷಧಿ ಹೊರುವ ಸೂಕ್ಷ್ಮ ಗುಳಿಗೆಗಳನ್ನು ಮಾಡಿ 2001ರಲ್ಲಿ ಪ್ರಕಟಿಸಿದರು. ಜಠರದ ಹುಳಿಯಲ್ಲಿ ಮುದುಡಿಕೊಂಡಿದ್ದು, ಹುಳಿ ಇಲ್ಲದ ಕರುಳಿಗೆ ಇಳಿದಾಗ ಉಬ್ಬಿ ಔಷಧಿ ಬಿಡುವ ಸ್ವಭಾವ ಅವಕ್ಕೆ. ಕಡೂರಿನ ಸಂತೆಯಲ್ಲಿ ಪಲ್ಯಕ್ಕೆಂದು ಆಯ್ದುಕೊಳ್ಳುವ ಗೋರಿಕಾಯಿಯ ಬೀಜಕ್ಕೆ ಇಂಥದ್ದೊಂದು ಕೆಲಸ ಇದೆ ಎಂದು ಯಾರಿಗೆ ಗೊತ್ತು.

ಕಡೂರಿಗೆ ಇದಕ್ಕಿಂತ ಹತ್ತಿರದ ಕಸಿ ಒಂದಿದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ‘ಪೂಸಾ ಹೈಡ್ರೋಜೆಲ್’. ಅದು ಗಿಡದ ನಾರಿನಂಶವಾದ ಸೆಲ್ಯುಲೋಸಿಗೆ ಅಕ್ರಿಲೇಟ್ ಕಸಿ ಕಟ್ಟಿದ ಪುಡಿ. ತನ್ನ ತೂಕದ 350 ಪಟ್ಟಿಗೂ ಹೆಚ್ಚು ನೀರು ಹೀರಿಟ್ಟುಕೊಂಡು ಬೇರು ಕೇಳಿದಾಗ ಬಿಡುತ್ತದೆ. ಮಳೆ ಕೈಕೊಡುವ ಹೊಲಗಳಿಗೆಂದೇ ಮಾಡಿದ್ದು. ರಬ್ಬರ್ ಬೆಳೆಯದ ಒಣ ಸೀಮೆಗೆ ಕಸಿ ಅಣು ಈ ವೇಷದಲ್ಲಿ ಬರಬಲ್ಲದು. ಆದರೆ ಬಿತ್ತನೆಯ ಸಾಲಿಗೆ ಪುಡಿ ಸುರಿದರಷ್ಟೇ ಸಾಲದು, ಅದು ಹೀರುವಷ್ಟು ಮಳೆಯೂ ಆಗಬೇಕಲ್ಲ. ನೀರಿಲ್ಲದ ನೆಲದಲ್ಲಿ ಅದು ಬರೀ ಪುಡಿ.

ಹಾಗೆಂದು ರಬ್ಬರನ್ನೆಲ್ಲ ಕಸಿ ಮಾಡಿಬಿಡಬೇಕೇ? ಅಜ್ಜಂಪುರದ ಕಡೆ ಈರುಳ್ಳಿ ಹೇರಿದ ಟೈರ್ ಗಾಡಿಯ ಹಿಂದೆ ನಿಧಾನ ಬೈಕ್ ಬಿಟ್ಟುಕೊಂಡು ಹೋಗುವಾಗ ನನಗೆ ಅನ್ನಿಸಿದ್ದು, ಬೇಡ. ಹೈದರ್–ಟಿಪ್ಪುವಿನ ತೋಪುಗಳನ್ನು ಎಳೆದ ಅಮೃತಮಹಲ್ ಎತ್ತುಗಳ ಕಾಲಕ್ಕೆ ಮರದ ಚಕ್ರ, ಕಬ್ಬಿಣದ ಪಟ್ಟಿ. ರಬ್ಬರ್ ಬಂದು ಎತ್ತಿನ ಹೆಗಲು ಹಗುರಾಯಿತು. ಆ ಟೈರಿನಲ್ಲಿರುವ ಗುಣ ರಬ್ಬರಿನ ಹುಟ್ಟುಗುಣ. ಎಳೆದಾಗ ಅದರ ಎಳೆಗಳು ಒಂದೇ ದಿಕ್ಕಿಗೆ ಸಾಲಾಗಿ ಹರಳಿನಂತೆ ಬಿಗಿಯಾಗುತ್ತವೆ, ಹರಿಯುವ ಜಾಗದಲ್ಲೇ ಗಟ್ಟಿಯಾಗುತ್ತವೆ. ನಂಬಿಕೆ ಬಾರದಿದ್ದರೆ ಅಗಲದ ರಬ್ಬರ್ ಬ್ಯಾಂಡೊಂದನ್ನು ಥಟ್ಟನೆ ಎಳೆದು ತುಟಿಗೆ ತಾಗಿಸಿ ನೋಡಿ, ಬೆಚ್ಚಗಿರುತ್ತದೆ. ಬಿಟ್ಟು ತಾಗಿಸಿದರೆ ತಣ್ಣಗೆ. ಲಾರಿಯ, ವಿಮಾನದ ಟೈರುಗಳಿಗೆ ಇವತ್ತಿಗೂ ಮರದ ರಬ್ಬರೇ ಬೇಕು ಎನ್ನುವುದು ಈ ಕಾರಣಕ್ಕೆ. ಎಳೆಯ ತುಂಬ ಕೊಂಬೆ ಮೂಡಿಸಿದರೆ ಹೀಗೆ ಸಾಲು ಕೂಡುವುದು ಕಷ್ಟ. ಕಸಿ ಕೊಡುವುದಷ್ಟೇ ಅಲ್ಲ, ಕಸಿದುಕೊಳ್ಳುವುದೂ ಉಂಟು.

ನನ್ನ ತಕರಾರು ಬೇರೆ. ಮರಕ್ಕೆ ಕಟ್ಟುವ ಕಸಿ ನಮ್ಮ ಜಿಲ್ಲೆಯಲ್ಲೇ ನಡೆಯುತ್ತದೆ. ಕೈಗಳಿವೆ, ಚಾಕುಗಳಿವೆ, ಮೂರು ತಲೆಮಾರಿನ ಅನುಭವವಿದೆ. ಹಾಲಿಗೆ ಕಟ್ಟುವ ಕಸಿಗೂ ಬೇಕಾದದ್ದು ಹೊಸ ಹಾಲೇ. ಆದರೆ ಹಾಲು ಇಲ್ಲಿಯೇ ಹೆಪ್ಪಾಗಿ, ಶೀಟಾಗಿ, ಗಂಟು ಕಟ್ಟಿಕೊಂಡು ಲಾರಿ ಹತ್ತುತ್ತದೆ. ಅಲ್ಲಿಂದ ಮುಂದಿನ ಲಾಭವೆಲ್ಲ ದಾರಿಯಾಚೆಗಿನವರದ್ದು. 2011ರಲ್ಲಿ ಕಿಲೋಗೆ 240 ರೂಪಾಯಿ ಆಸುಪಾಸು ಮುಟ್ಟಿದ್ದ ಶೀಟಿನ ಬೆಲೆ 2016ರ ಆರಂಭಕ್ಕೆ ನೂರರ ಕೆಳಗಿಳಿದಾಗ ಎಷ್ಟೋ ತೋಟಗಳಲ್ಲಿ ಟ್ಯಾಪಿಂಗ್ ನಿಲ್ಲಿಸಿದ್ದರು. ಕೂಲಿ ಕೊಟ್ಟು ಹಾಲು ಇಳಿಸುವುದಕ್ಕಿಂತ ಮರ ಸುಮ್ಮನಿರುವುದೇ ಲೇಸು ಎಂಬ ಲೆಕ್ಕ. ಕರಟಗಳು ಮಳೆನೀರು ತುಂಬಿಕೊಂಡು ಸೊಳ್ಳೆ ಸಾಕಿದವು.

ಪಂಚರ್ ಹಾಕಿಸಿಕೊಂಡ ಆ ದಿನ ಮಧ್ಯಾಹ್ನ ನರಸಿಂಹರಾಜಪುರದ ಹತ್ತಿರ ಪರಿಚಯದ ಬೆಳೆಗಾರರೊಬ್ಬರ ಜೊತೆ ಶೀಟು ಕೊಳ್ಳುವ ಅಂಗಡಿಗೆ ಹೋದೆ. ಜೀಪಿನ ಹಿಂದೆ ಎರಡು ಗಂಟು. ನಾನು ದಾರಿಯುದ್ದಕ್ಕೂ ಹದಿನೈದು ಸಾವಿರ ಕೊಂಡಿ, ಎಂಜಿ 49, ಬ್ಯಾಟರಿ ಎಂದು ಹೇಳುತ್ತಲೇ ಬಂದಿದ್ದೆ. ಅವರು ‘ಹೌದಾ’, ‘ಹೌದಾ’ ಎನ್ನುತ್ತಾ ಗೇರು ಬದಲಿಸುತ್ತಿದ್ದರು. ಅಂಗಡಿಯವರು ಗಂಟಿನಿಂದ ಒಂದು ಶೀಟು ಎಳೆದು ಬಾಗಿಲಿಗೆ ಬಂದು, ಎರಡೂ ಕೈಯಲ್ಲಿ ಅಗಲಿಸಿ ಬೆಳಕಿಗೆ ಹಿಡಿದರು. ಜೇನು ಬಣ್ಣದೊಳಗೆ ಅಲ್ಲೊಂದು ಇಲ್ಲೊಂದು ಗುಳ್ಳೆ, ಮೂಲೆಯಲ್ಲಿ ಬೂಷ್ಟಿನ ಬೂದು ಮಚ್ಚೆ. ಬೆರಳಿನಿಂದ ಮಚ್ಚೆಯನ್ನು ಒಮ್ಮೆ ಉಜ್ಜಿ ಮೂಸಿ ನೋಡಿದರು.

‘ಮಳೆಗಾಲ ಅಲ್ವಾ, ಹೊಗೆ ಸಾಲದಾಗಿದೆ’ ಅಂದರು ಬೆಳೆಗಾರರು, ಅವರು ಕೇಳುವ ಮೊದಲೇ.

‘ನಾಲ್ಕಕ್ಕೇ ಹಾಕ್ಕೊಳ್ತೀನಿ ಬಿಡಿ’ ಎಂದು ಶೀಟನ್ನು ನಾಲ್ಕನೇ ಗ್ರೇಡಿನ ರಾಶಿಗೆ ಎಸೆದು, ತಕ್ಕಡಿ ಕಡೆ ತಿರುಗಿದರು.